ಸೋಮವಾರ ಹೂಡದ ಕಾರು

೧೯೭೪ರಲ್ಲಿ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಲಾರಿ ಕ್ಲೀನರ್ ಆಗಿ ಸೇರಿ ಡ್ರೈವರ್ ಆದೆ. ದುಡಿದೇ ಉಂಡಿದ್ದೇನೆ, ಯಾರ ಮುಂದೆಯೂ ಕೈ ಚಾಚಿಲ್ಲ. ಮೊನ್ನೆ ಸಂಶಿಯ ಗ್ಯಾರೇಜೊಂದರ ಮುಂದೆ ನಿಂತಿದ್ದಾಗ ಗ್ರೀಸಿನ ಜೊತೆ ಹಸಿ ಎರೆಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕುಬಿಹಾಳದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಕಾಕಾ ನೆನಪಾದರು. ಹೊಟ್ಟೆಯಲ್ಲಿ ಹಳೆಯ ಉರಿಯೂ ಎದ್ದಿತು...

ಎಂಬತ್ತರ ದಶಕದ ಆರಂಭದಲ್ಲಿ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬ ತನ್ನ ಎರಡು ಹಳೆಯ ಅಂಬಾಸಡರ್ ಕಾರುಗಳನ್ನು ಮಾರಿದ. ಎರಡೂ ಒಂದೇ ವಯಸ್ಸಿನವು. ಬಾಡಿಗೆಗೆ ಓಡಿಸಲು ಒಂದನ್ನು ನಾನು ಕೊಂಡೆ, ಇನ್ನೊಂದನ್ನು ಕಾಕಾ. ಮೊದಲು ಆರಿಸಿಕೊಂಡವನು ನಾನೇ. ಬಣ್ಣ ಮಾಸದ್ದು, ಸೀಟು ಹರಿಯದ್ದು ನನಗೆ ಬಂತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಊರವರೆಲ್ಲ ಅವರಿಗೇ ಒಳ್ಳೆಯ ಕಾರು ಸಿಕ್ಕಿತ್ತು ಎಂದು ಮಾತಾಡಿದರು.

ಕಾಕಾ ಒಕ್ಕಲುತನದವರು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಅಂದು ಎತ್ತು ಹೂಡುವುದಿಲ್ಲ. ಕಾರಿಗೂ ಅವರು ಅದನ್ನೇ ನಡೆಸಿದರು. ಸೋಮವಾರ ಎಂಥ ಬಾಡಿಗೆ ಬಂದರೂ ಒಲ್ಲೆ ಎನ್ನುವರು. ಎತ್ತಿನ ಮೈ ತೊಳೆದ ಮೇಲೆ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿ ಹೊಗುವರು. ಮಡ್‌ಗಾರ್ಡಿನ ಒಳಗೆ, ತಳದ ಮೂಲೆಗಳಲ್ಲಿ ಮೆತ್ತಿದ ಎರೆಮಣ್ಣನ್ನು ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯುವರು. ಗ್ರೀಸು ತುಂಬುವರು. ಎಂಜಿನ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿ ನೋಡುವರು.

ನಾನು ಏಳೂ ದಿನ ಓಡಿಸುತ್ತಿದ್ದೆ. ದಿನಾ ಬೆಳಿಗ್ಗೆ ಮುಖ ಕಾಣುವಂತೆ ಮೇಲ್ಮೈ ಒರೆಸುತ್ತಿದ್ದೆ. ಅಡಿಯನ್ನು ಯಾರು ನೋಡುತ್ತಾರೆ?

"ಏನ್ ಕಾಕಾ, ಈ ಎತ್ತಿಗೂ ಹತ್ತಿಕಾಳ ಹಾಕೀರಿಲ್ಲೋ?" ಎಂದು ಒಮ್ಮೆ ಕಟ್ಟೆಯ ಮೇಲಿಂದ ಕೆಣಕಿದೆ.

ಕಾರಿನ ಅಡಿಯಿಂದಲೇ ಉತ್ತರ ಬಂತು. "ಹಾಕೀನಪಾ. ನಿಂದ ಹಸದು ಒದರಾಕತ್ತೈತಿ, ಹಿಂದಿನ ಗಾಲಿಗೆ ಒಂದೀಟ ಕಿವಿ ಕೊಡಲೇ!"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನಗೆ ಗಾಲಿಗಿಂತ ಆ ನಗುವೇ ಹೆಚ್ಚು ಕೇಳಿಸಿತು.

ಕೆಲವೇ ಮಳೆಗಾಲಗಳಲ್ಲಿ ನನ್ನ ಕಾರಿನ ತಳ ಜಂಗು ಹಿಡಿದು ತೂತಾಯಿತು. ಬೇರಿಂಗ್ ಹೋಯಿತು, ಎಂಜಿನ್ ಹೊಗೆ ಉಗುಳತೊಡಗಿತು. ಕುಂದಗೋಳದ ಬಾಡಿಗೆಗಳು ಒಂದೊಂದಾಗಿ ಬಾಜೂ ಮನೆಗೆ ಹೊರಳಿದವು. ಮದುವೆಯವರು ನನ್ನ ಬಾಗಿಲು ದಾಟಿ ಹೋಗಿ ಅವರ ಕದ ಬಡಿಯುವರು. ಹೆಚ್ಚು ದುಡಿದವನು ನಾನು, ಹೆಸರು ವಾರಕ್ಕೊಂದು ದಿನ ಸೂಟಿ ಮಾಡುವವರಿಗೆ! ಆ ಕಾರಿನ ಸದ್ದು ಕೇಳಿದರೆ ಊಟ ಬಿಟ್ಟು ಎದ್ದುಬಿಡುತ್ತಿದ್ದೆ.

ಒಂದು ಸೋಮವಾರ ನನ್ನ ಹೆಂಡತಿಗೆ ಬೇನೆ ಎದ್ದಿತು. ತಡಮಾಡದೆ ಹುಬ್ಬಳ್ಳಿ ದವಾಖಾನೆಗೆ ಒಯ್ಯಿರೆಂದು ಸೂಲಗಿತ್ತಿ ಹೇಳಿದಳು. ಹ್ಯಾಂಡಲ್ ಹಾಕಿ ಎಷ್ಟು ತಿರುವಿದರೂ ನನ್ನ ಕಾರು ಚಾಲೂ ಆಗಲಿಲ್ಲ. ಬಾಜೂ ಮನೆಗೆ ಹೋಗಲು ನನಗೆ ಕಾಲೇ ಬರಲಿಲ್ಲ. ಅವ್ವ ಓಡಿದಳು. ಕಾಕಾ ಮೈಗೆ ಮೆತ್ತಿದ ಮಣ್ಣಿನಲ್ಲೇ ಕಾರು ತಂದು ನಿಲ್ಲಿಸಿದರು.

"ಇವತ್ತ ಸೋಮವಾರರೀ ಕಾಕಾ," ಎಂದೆ. ಯಾಕೆ ಹಾಗಂದೆನೋ...

"ಕೂಸಿಗೆ ವಾರ ಗೊತ್ತೈತೇನಲೇ? ಹಿಂದ ಕುಂಡ್ರು, ಆಕಿ ತಲಿ ಹಿಡ್ಕೋ."

ಮಗ ಹುಟ್ಟಿದ. ಸಂಜೆ ಹೆಂಡತಿ ಸುಧಾರಿಸಿಕೊಂಡು ಹೇಳಿದ ಮೊದಲ ಮಾತು: "ಕಾಕಾನ ಗಾಡಿ ತೊಟ್ಟಿಲದಂಗ ಹೋತ್ ನೋಡ್ರಿ." ಮಗನನ್ನು ಎತ್ತಿಕೊಂಡ ಗಳಿಗೆಯಲ್ಲೂ ಅದು ಎದೆಗೆ ಚುಚ್ಚಿತು.

ನನ್ನ ಕಾರು ಮರುವರ್ಷ ಗುಜರಿಗೆ ಹೋಯಿತು. ಕಾಕಾರದು ಕಾಕಾರಿಗಿಂತ ಹೆಚ್ಚು ಬಾಳಿತು. ಅವರು ತೀರಿಕೊಂಡ ದಿನ ಪರವೂರಿನ ಬೀಗರನ್ನು ಕರೆತಂದದ್ದು ಅದೇ ಕಾರು, ಓಡಿಸಿದವನು ನಾನು. ಅದರ ಸ್ಟೇರಿಂಗ್ ಹಿಡಿದದ್ದು ಅದೇ ಮೊದಲು. ಅಷ್ಟು ಹಗುರವಾಗಿ ತಿರುಗುತ್ತಿತ್ತು... ಅಳುತ್ತಲೇ ಹೊಟ್ಟೆಕಿಚ್ಚುಪಟ್ಟೆ.

ಈಗ ನಾನು ಇಟ್ಟುಕೊಂಡಿರುವ ಗಾಡಿಗಳನ್ನು ಅವರಿಗೆ ಒಮ್ಮೆ ತೋರಿಸಬೇಕಿತ್ತು. ಅವುಗಳ ಅಡಿ ಹೊಕ್ಕು ನೋಡಿ ಅವರೇನನ್ನುತ್ತಿದ್ದರೋ, ಇನ್ನು ತಿಳಿಯುವಂತಿಲ್ಲ. ಸದ್ಯ ನನ್ನ ಹತ್ತಿರ ಇರುವುದು ಎರಡು ಕಾರು, ಒಂದು ಟೆಂಪೋ, ಸ್ವಂತದ ಒಂದು ಶೆಡ್.