ಹೋದವರು ಮನೆ ಮುಟ್ಟುವವರೆಗೆ

ಅತಿಥಿಗಳ ಕಾರು ಗೇಟು ದಾಟಿ ಕಾಫಿ ಗಿಡಗಳ ನಡುವಿನ ತಿರುವಿನಲ್ಲಿ ಮರೆಯಾದ ಮೇಲೆ, ಅವರಿದ್ದ ಕೋಣೆಯ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದು ನನ್ನ ಅಭ್ಯಾಸವಾಗಿತ್ತು. ದಿಂಬಿನಲ್ಲಿ ತಲೆಯಿಟ್ಟ ಗುಳಿ ಹಾಗೇ ಇರುತ್ತಿತ್ತು. ಕನ್ನಡಿಗೆ ಅಂಟಿಸಿ ಮರೆತ ಬಿಂದಿ, ಬಚ್ಚಲಿನಿಂದ ಯಾವುದೋ ಸೋಪಿನ ವಾಸನೆ. ಈಗ ಸುಂಟಿಕೊಪ್ಪ ದಾಟಿರಬಹುದೇ, ಆ ಚಿಕ್ಕ ಮಗು ತಿರುವಿನಲ್ಲಿ ವಾಂತಿ ಮಾಡಿಕೊಂಡಿರಬಹುದೇ ಎಂದುಕೊಳ್ಳುತ್ತಿರುವಾಗಲೇ ನನಗೆ ಜೊಂಪು ಹತ್ತುತ್ತಿತ್ತು. ಮಂಪರಿನಲ್ಲಿ ನಾನೂ ಅವರ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಎಚ್ಚರವಾದಾಗ ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ ಹತ್ತಿರುತ್ತಿತ್ತು. ಆಮೇಲೆ ಏಳುತ್ತಿದ್ದೆ, ಪೊರಕೆ ಹಿಡಿಯುತ್ತಿದ್ದೆ.

ಇದನ್ನು ಸೋಮಾರಿತನ ಎನ್ನುವವರು ಎನ್ನಲಿ. ಮನೆಯಿಂದ ಯಾರಾದರೂ ಹೊರಟ ಹಿಂದೆಯೇ ಕಸ ಗುಡಿಸಬಾರದು ಎನ್ನುವುದು ನಮ್ಮಮ್ಮನ ಕಟ್ಟಪ್ಪಣೆ. ನಮ್ಮದು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಬೇರು ಬಿಟ್ಟ ಒಕ್ಕಲು ಮನೆ. ಅಪ್ಪ ಸಂತೆಗೆ ಹೊರಟರೆ ಅಮ್ಮ ಪೊರಕೆಯನ್ನು ಬಾಗಿಲ ಮರೆಗೆ ಸರಿಸಿಬಿಡುತ್ತಿದ್ದಳು. "ಹೆಣ ಎತ್ತಿದ ಮನೇಲಿ ಮಾತ್ರ ಹಿಂದಿಂದೇ ಗುಡಿಸೋದು ಕಣೆ. ಹೋದೋರು ಸುಖವಾಗಿ ಮುಟ್ಟಲಿ, ಆಮೇಲೆ ಗುಡಿಸೀಯಂತೆ," ಎನ್ನುತ್ತಿದ್ದಳು.

ಅತಿಥಿಗಳು ಬಂದು ಹೋಗುವ ಮನೆ, ನಾನು ಚೆಟ್ಟಳ್ಳಿಯಲ್ಲಿ ಮೇಷ್ಟ್ರ ಕೆಲಸ ಮಾಡಿಕೊಂಡಿದ್ದಾಗ ಕಟ್ಟಿಸಿದ್ದು. ಮದುವೆ ಗಿದುವೆ ಅಂತ ಆಗಲಿಲ್ಲ. ಒಬ್ಬಳಿಗೆ ಅಷ್ಟು ಕೋಣೆ ಯಾಕೆ ಎಂದು ನಿವೃತ್ತಿಯಾದ ಮೇಲೆ ಹೋಂಸ್ಟೇ ಬೋರ್ಡು ಹಾಕಿದೆ. ಜನ ಬಂದರು, ಉಂಡರು, ನಕ್ಕರು, ಹೋದರು. ಹೊಸಬರು ಬೇಗ ಬಂದುಬಿಟ್ಟರೆ ವರಾಂಡದಲ್ಲಿ ಕೂರಿಸಿ ಕಾಫಿ ಕೊಟ್ಟು, "ಸ್ವಲ್ಪ ತಡೀರಿ, ಹಳಬರು ಇನ್ನೂ ಕುಶಾಲನಗರ ಮುಟ್ಟಿಲ್ಲ," ಎನ್ನುತ್ತಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ, ನನಗೇನು!

ಆದರೆ ಮಂಡಿ ನನ್ನ ಮಾತು ಕೇಳಬೇಕಲ್ಲ. ಮೆಟ್ಟಿಲು ಹತ್ತುವಾಗ ಜೀವ ಬಾಯಿಗೆ ಬರತೊಡಗಿತು. ಶಿರಂಗಾಲದಿಂದ ತಮ್ಮ ದಿನಾ ಫೋನ್ ಮಾಡಿ, "ಸಾಕು ಬಾ ಅಕ್ಕ, ಆ ಮನೆ ಮಾರಿ ಬಿಸಾಕು," ಎನ್ನುತ್ತಿದ್ದ. ಮಾರುವ ಮಾತು ಬಂದರೆ ಫೋನ್ ಇಟ್ಟುಬಿಡುತ್ತಿದ್ದೆ. ಬೀಗ ಹಾಕಿಟ್ಟರೆ ನಮ್ಮ ಒಂದು ಮಳೆಗಾಲ ಸಾಕು, ಗೋಡೆಗೆಲ್ಲ ಬೂಷ್ಟು ಹಿಡಿಯುತ್ತದೆ. ನಡೆಸಿಕೊಂಡು ಹೋಗುವವರು ಯಾರಾದರೂ ಸಿಕ್ಕರೆ ಮನೆ ನನ್ನದಾಗಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೆಣ್ಣು ಕೊಡುವವರ ಹಾಗೆ ಅಲ್ಲಿ ಇಲ್ಲಿ ವಿಚಾರಿಸತೊಡಗಿದೆ.

ಮೊದಲು ಬಂದವನು ಮಡಿಕೇರಿಯ ಒಂದು ಕಂಪನಿಯವನು. ಸಭ್ಯ ಮನುಷ್ಯ, ಶೂ ಬಿಚ್ಚಿಯೇ ಒಳಗೆ ಬಂದ. ಫೋಟೋ ತೆಗೆಸುವುದು, ಬುಕಿಂಗ್ ನೋಡಿಕೊಳ್ಳುವುದು, ನಂಬರ್ ಒತ್ತಿದರೆ ತೆರೆಯುವ ಬೀಗ ಹಾಕಿಸುವುದು, ಎಲ್ಲ ತಮ್ಮದೇ ಎಂದ. ನಾನು ಕೇಳಿದ್ದು ಒಂದೇ ಪ್ರಶ್ನೆ: ಅತಿಥಿಗಳು ಹೋದ ಮೇಲೆ ಯಾವಾಗ ಗುಡಿಸುತ್ತೀರಿ?

"ಅದರ ಚಿಂತೆನೇ ಬೇಡ ಮ್ಯಾಮ್! ಅವರ ಕಾರಿನ ಧೂಳು ಇಳಿಯೋದ್ರೊಳಗೆ ನಮ್ ಟೀಮ್ ಒಳಗಿರುತ್ತೆ."

ಮೈಯೆಲ್ಲ ಉರಿದುಹೋಯಿತು. "ಯಾಕಪ್ಪ, ಅವರೇನು ಸತ್ತು ಹೋದ್ರಾ?" ಎಂದುಬಿಟ್ಟೆ. ಪಾಪ, ಅವನದೇನೂ ತಪ್ಪಿಲ್ಲ. ಈ ಕಸುಬಿನಲ್ಲಿ ಹಾಗೇ ಮಾಡಬೇಕಂತೆ. ತಬ್ಬಿಬ್ಬಾಗಿ ಉಳಿದ ಕಾಫಿ ಕುಡಿದು ಹೋದ. ವಿಷಯ ಕೇಳಿದ ತಮ್ಮ ಫೋನಿನಲ್ಲೇ ಗುಡುಗಿದ: "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಕಣಕ್ಕ!"

ಆಮೇಲೆ ಬಂದವಳು ಅಮ್ಮತ್ತಿಯವಳು. ಮನೆಯಲ್ಲಿ ಮಲಯಾಳ, ಹೊರಗೆ ಕನ್ನಡ. ಸ್ಕೂಟರಿನಲ್ಲಿ ತಿರುಗಿಕೊಂಡು ಆ ಕಡೆಯ ಹೋಂಸ್ಟೇಗಳನ್ನೆಲ್ಲ ನೋಡಿಕೊಳ್ಳುವ ಗಟ್ಟಿಗಿತ್ತಿ. ಬಂದವಳೇ ನಲ್ಲಿ ತಿರುಗಿಸಿದಳು, ದಿಂಬು ಎತ್ತಿ ಮೂಸಿದಳು.

"ಟೀಚರೇ, ಇದಕ್ಕೆ ಬಿಸಿಲು ತೋರ್ಸಿ ಎಷ್ಟು ಕಾಲ ಆಯ್ತು?"

ಎಲಾ ಇವಳ! ಎಂದುಕೊಂಡೆ. ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅದೇ ಬಿರುಸಿನಲ್ಲಿ ನನ್ನ ಪ್ರಶ್ನೆ ಎಸೆದೆ. ಅವಳು ಸೊಂಟಕ್ಕೆ ಕೈಕೊಟ್ಟು ನಕ್ಕಳು.

"ಬೆಂಗಳೂರು ಮುಟ್ಟೋವರೆಗೆ ಕಾದ್ರೆ ನನ್ ಹೊಟ್ಟೆಪಾಡು ಏನಾಗ್ಬೇಕು? ಕಾವೇರಿ ಸೇತುವೆ ದಾಟೋವರೆಗೆ ಕಾಯ್ತೀನಿ, ಅಷ್ಟೇ. ಜಿಲ್ಲೆ ದಾಟಿದ್ಮೇಲೆ ಅವರು ಮೈಸೂರಿನೋರ ಪಾಲು." ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ನಮ್ಮಮ್ಮನೂ ಪೊರಕೆ ಮುಟ್ಟಕ್ಕೆ ಬಿಡ್ತಿರಲಿಲ್ಲ ಟೀಚರೇ," ಎಂದಳು.

ಬೇರೆ ಯಾರನ್ನೂ ನೋಡಲಿಲ್ಲ.

ನಾನು ಹೊರಟ ದಿನ ಹೂಮಳೆ ಬಿದ್ದು ಕಾಫಿ ಹೂ ಅರಳಿತ್ತು. ಬೆಳ್ಳಗೆ, ಕಣ್ಣು ಹಾಯುವಷ್ಟು ದೂರ. ಗಾಳಿಯ ತುಂಬ ಪರಿಮಳ, ಜೇನುಹುಳುಗಳ ಸದ್ದು. ತಮ್ಮ ಕಳಿಸಿದ ಜೀಪಿಗೆ ನನ್ನ ಟ್ರಂಕು ಹತ್ತಿಸಿದರು. ಹಿತ್ತಿಲ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು ಎಂದು ಅವಳಿಗೆ ಮತ್ತೆ ಮತ್ತೆ ಹೇಳಿದೆ. ಹೋಗುತ್ತೇನೆ ಎನ್ನಬಾರದಲ್ಲ, "ಬರ್ತೀನಿ ಕಣವ್ವ," ಎಂದೆ.

ಅವಳು ಕೈಯಲ್ಲಿದ್ದ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿದಳು. "ಹೊಸಬರು ಸಂಜೆಗೆ ಬರ್ತಾರೆ. ಶಿರಂಗಾಲ ನದಿಯ ಈ ಕಡೇನೇ, ನೀವು ಕಾವೇರಿ ದಾಟೋದೇ ಇಲ್ವಲ್ಲ ಟೀಚರೇ, ನಿಮಗೆ ಬೇರೆ ರೂಲು. ಮನೆ ಮುಟ್ಟಿದ ಕೂಡ್ಲೆ ಫೋನ್ ಮಾಡಿ. ಆಮೇಲೇ ಗುಡಿಸ್ತೀನಿ."

ಜೀಪು ತಿರುವಿಗೆ ಬಂದಾಗ ತಿರುಗಿ ನೋಡಿದೆ. ಮನೆ ಹೂವಿನ ಹಿಂದೆ ಮುಳುಗುತ್ತಿತ್ತು. ಈ ಸಲ ಹಿಂದಿನ ಸೀಟಿನಲ್ಲಿ ನಿಜವಾಗಿ ನಾನೇ ಇದ್ದೆ. ದುಃಖ ಉಕ್ಕಿ ಬಂತು, ಸೆರಗು ಬಾಯಿಗಿಟ್ಟುಕೊಂಡೆ. ಆ ಪರಿಮಳಕ್ಕೋ, ಅತ್ತದ್ದಕ್ಕೋ, ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ನಾನು ಆ ಕಿಟಕಿಯ ಬಳಿಯೂ ಕೂತಿದ್ದೆ, ಜೀಪಿನಲ್ಲೂ ಹೋಗುತ್ತಿದ್ದೆ. ಅಲ್ಲಿ ಕೂತವಳು, ಇವಳು ಈಗ ಸುಂಟಿಕೊಪ್ಪ ದಾಟಿರಬಹುದು ಎಂದುಕೊಳ್ಳುತ್ತಿದ್ದಳು. ತಮ್ಮನ ಅಂಗಳದಲ್ಲಿ ಜೀಪು ನಿಂತಾಗಲೇ ಎಚ್ಚರ.

ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟಳು, ಪಾಯಸ ಮಾಡಿದ್ದಳು. ತಿಂದು ಜಗಲಿಯಲ್ಲಿ ಕೂತೆ. ಫೋನು ಮಡಿಲಲ್ಲೇ ಇತ್ತು. ಮಾಡಬೇಕು, ಮಾಡುತ್ತೇನೆ, ಇನ್ನೊಂದು ಗಳಿಗೆ ಎನ್ನುತ್ತಲೇ ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ನನ್ನ ದಿಂಬಿನ ಗುಳಿ ಹಾಗೇ ಇರುತ್ತದೆ, ಬಚ್ಚಲಲ್ಲಿ ನನ್ನ ಸೋಪಿನ ವಾಸನೆ ಇರುತ್ತದೆ. ಒಂದು ಫೋನ್ ಮಾಡಿದರೆ ಮುಗಿಯಿತು, ನಾನು ಆ ಮನೆಯಿಂದ ಹೋದವಳಾಗುತ್ತೇನೆ.

ಫೋನು ತಾನೇ ಹೊಡೆದುಕೊಂಡಿತು.

"ಟೀಚರೇ, ಮುಟ್ಟಿದ್ರಾ? ಇವರು ಬೇಗ ಬಂದ್ಬಿಟ್ರು. ವರಾಂಡದಲ್ಲಿ ಕೂರ್ಸಿದ್ದೀನಿ."

"ಇಲ್ಲ ಕಣವ್ವ," ಎಂದೆ. "ಇನ್ನೂ ದಾರೀಲೇ ಇದ್ದೀನಿ."

ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ, ಕೊಟ್ಟಿಗೆಯಲ್ಲಿ, ತಮ್ಮನ ಹಸು ಜೋರಾಗಿ ಅಂಬಾ ಎಂದಿತು.



"ಆಯ್ತು ಟೀಚರೇ," ಎಂದಳು. "ನಿಧಾನಕ್ಕೆ ಹೋಗಿ. ಇವರಿಗೆ ಇನ್ನೊಂದು ಲೋಟ ಕಾಫಿ ಕೊಡ್ತೀನಿ."