ನಿಂತವರ ಬೆವರು ಒರೆಸುವ ಹವಾಲ್ದಾರ

"ಏ, ಏ, ಏ! ಹಗ್ಗದ ಆಚೆ! ಆಚೆ ಅಂದ್ರೆ ಆಚೆ ಸ್ವಾಮಿ, ಈಚೆ ಅಲ್ಲ!"

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಸೈನಿಕರ ಸ್ಮಾರಕದ ಮುಂದಿನ ಚೌಕದಲ್ಲಿ ಕಸ ಗುಡಿಸುವ ಇಬ್ಬರು, ಒಂದಷ್ಟು ಪಾರಿವಾಳ, ಒಂದು ಪ್ರವಾಸಿ ಜೋಡಿ, ಇಷ್ಟೇ ಇರುವುದು. ಆ ಜೋಡಿಗೂ ಈ ಹೊತ್ತಿನಲ್ಲೇ ಹಗ್ಗ ದಾಟಬೇಕು, ಕಲ್ಲಿನ ಪೀಠದ ಮೇಲೆ ಅಲ್ಲಾಡದೆ ನಿಂತ ಸೈನಿಕನಿಗೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳಬೇಕು. ಅವರನ್ನು ಗದರುತ್ತ, ಕುಂಟುತ್ತ ಬರುತ್ತಿರುವ ಐವತ್ತು ದಾಟಿದ ಈ ಮನುಷ್ಯನನ್ನು ಇಡೀ ಪಡೆ ಕರ್ಚೀಫು ಹವಾಲ್ದಾರ ಎಂದೇ ಕರೆಯುತ್ತದೆ. ಜೋಡಿಯನ್ನು ಹಗ್ಗದಾಚೆ ಕಳಿಸಿ, ಪೀಠದ ಬಳಿ ಬಂದು, ಸೈನಿಕನ ಗರಿ ಟೋಪಿ ನೆಟ್ಟಗೆ ಮಾಡುತ್ತಾರೆ. ಬೂಟಿನ ಪಟ್ಟಿ ಬಿಗಿಯಲು ಮಂಡಿಯೂರುತ್ತಾರೆ. ಆ ಮಂಡಿ ಲಟಕ್ ಅನ್ನುವುದು ದೂರ ನಿಂತ ನನಗೂ ಕೇಳುತ್ತದೆ.

ಸಂಪಾದಕರು ನನ್ನನ್ನು ಕಳಿಸಿದ್ದು ಇವರ ಬಗ್ಗೆ ಬರೆಯಲಿಕ್ಕಲ್ಲ, ಪೀಠದ ಮೇಲಿನವನ ಬಗ್ಗೆ. "ಗರಿ ಟೋಪಿ, ಬಿಳಿ ಕೈಗವಸು, ಒಳ್ಳೆ ಫೋಟೋ ಬರುತ್ತೆ" ಅಂದರು. ಬಾಯೇ ಬಿಡದವನ ಸಂದರ್ಶನ ಮಾಡುವುದು ಹೇಗೆ ಅಂತ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ನಿದ್ದೆಗೆಟ್ಟು ಬಂದವಳು ಆ ಸೈನಿಕನಿಗೆ "ನಿಮ್ಮ ಊರು ಯಾವುದು?" ಎಂದು ಕೇಳಿದೆ. ಮತ್ತೆ ಕೇಳಿದೆ. ಆಗ ಹವಾಲ್ದಾರರು ಕೈಮುಗಿದುಕೊಂಡು ಬಂದರು.

"ಅಮ್ಮಾ ತಾಯಿ, ಅವ್ನು ಉತ್ತರ ಕೊಡಲ್ಲ. ಕೊಟ್ರೆ ನಾಳೆ ಅವ್ನು ಇಲ್ಲಿರಲ್ಲ. ಮಾತಾಡ್ಲೇಬೇಕು ಅಂದ್ರೆ ನನ್ನ ಹತ್ರ ಮಾತಾಡಿ. ನನ್ನನ್ನ ಇದುವರೆಗೂ ಯಾರೂ ಏನೂ ಕೇಳಿಲ್ಲ."

ಸರಿ, ಕೇಳಿದೆ. ಸ್ಮಾರಕದ ಎಡಬಲದ ಪೀಠಗಳಲ್ಲಿ ಇಬ್ಬರು ಸೈನಿಕರು ಗಂಟೆಗೊಮ್ಮೆ ಪಾಳಿ ಬದಲಿಸುತ್ತ ಗೌರವ ಕಾವಲು ನಿಲ್ಲುತ್ತಾರೆ. ನಿಂತವರು ಮಾತಾಡುವಂತಿಲ್ಲ, ತಿರುಗುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ. ಮೂಗಿನ ಮೇಲೆ ನೊಣ ಕೂತರೆ ನೊಣಕ್ಕೆ ಪೂರ್ತಿ ಸ್ವಾತಂತ್ರ್ಯ. ಅವರನ್ನು ಮುಟ್ಟುವ ಅಧಿಕಾರ ಇರುವುದು ಸಾದಾ ಸಮವಸ್ತ್ರದ ಈ ಒಬ್ಬರಿಗೆ. ಬೆವರು ಒರೆಸುವುದು, ನೊಣ ಓಡಿಸುವುದು, ಬೆಲ್ಟು ಸಡಿಲಿಸುವುದು, ಬೀಳುವ ಮೊದಲೇ ಹಿಡಿದುಕೊಳ್ಳುವುದು, ಇದು ಇವರ ಕೆಲಸ. ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಕರ್ಚೀಫು ಬೇಕು. ಒಗೆಯುವುದು, ಇಸ್ತ್ರಿ ಮಾಡುವುದು ಮನೆಯಲ್ಲಿ ಇವರ ಹೆಂಡತಿ. ಆ ಸೈನಿಕರ ಬೆವರಿನ ವಾಸನೆಯಲ್ಲೇ ಯಾರದು ಯಾವುದು ಅಂತ ಹೇಳಬಲ್ಲೆ ಎಂದು ಆಕೆ ಮೂಗು ಮುರಿಯುತ್ತಾರೆ.

ಮಾತಿಲ್ಲದವರ ಜೊತೆ ಮಾತು ನಡೆಯುವುದು ರೆಪ್ಪೆಯಲ್ಲಿ. ಹವಾಲ್ದಾರರು ಜನಕ್ಕೆ ಬೆನ್ನು ಕೊಟ್ಟು ಸೈನಿಕನೆದುರು ನಿಂತು, ತುಟಿ ಅಲ್ಲಾಡಿಸದೆ ಕೇಳುತ್ತಾರೆ: "ನೊಣಾನಾ? ಬೆಲ್ಟಾ? ತಲೆ ಸುತ್ತಾ?" ರೆಪ್ಪೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ.

"ಎಲ್ಲಾ ಇರೋದು ಕೇಳೋದ್ರಲ್ಲಿ. 'ಏನಾಗ್ತಿದೆ' ಅಂತ ಮಾತ್ರ ಕೇಳ್ಬಾರ್ದು. ಅವ್ನೇನು ರೆಪ್ಪೇಲಿ ಪುರಾಣ ಹೇಳ್ತಾನಾ?"

ಈ ಚಾಳಿ ಮನೆಗೂ ಬಂದಿದೆ. "ಮದುವೆಯಾದ ಹೊಸದ್ರಲ್ಲಿ ಬಡಿಸುವಾಗ ಇವ್ರು ಕಣ್ಣು ಮಿಟುಕಿಸೋರು. ನಾನು ನಾಚಿ ನೀರಾಗ್ತಿದ್ದೆ" ಎನ್ನುತ್ತಾರೆ ಹೆಂಡತಿ. "ಆಮೇಲೆ ಗೊತ್ತಾಯ್ತು, 'ಸಾಕು, ಇನ್ನು ಬಡಿಸ್ಬೇಡ' ಅಂತ ಹೇಳೋದಂತೆ! ಬಾಯಿ ಬಿಟ್ರೆ ಮುತ್ತು ಉದುರುತ್ತಾ ಅಂತ ಅವತ್ತಿಂದ ಬೈತಾನೇ ಇದೀನಿ."

ಇವರ ಎರಡು ಕೋಣೆಯ ಮನೆಯಲ್ಲಿ ಕರ್ಚೀಫು ಒಣಹಾಕುವ ಹಗ್ಗದ ಪಕ್ಕ ಒಂದು ಹಳೆಯ ಕ್ಯಾಲೆಂಡರು ತೂಗುತ್ತಿದೆ. ಚಿತ್ರದಲ್ಲಿ ಪೀಠ, ಸೈನಿಕ, ಅಂಚಿನಲ್ಲಿ ಒಂದು ಮೊಣಕೈ. ಆ ಮೊಣಕೈ ಹವಾಲ್ದಾರರದು. ಎಷ್ಟು ದೇಶಗಳ ಎಷ್ಟು ಜನರ ಆಲ್ಬಮ್ಮಿನಲ್ಲಿ ಅದು ಇದೆಯೋ ದೇವರೇ ಬಲ್ಲ. ಮುಖ ಮಾತ್ರ ಒಂದರಲ್ಲೂ ಇಲ್ಲ, ಎಲ್ಲರೂ ಕತ್ತರಿಸಿಬಿಡುತ್ತಾರೆ. ಹೆಂಡತಿಗೆ ಇದು ಹೊಟ್ಟೆಯುರಿ. ಗಂಡನಿಗೆ ಈಗ ಉರಿಯುವುದು ಮಂಡಿ ಮಾತ್ರ.

ದಿನವಿಡೀ ಕಲ್ಲಿನ ಮೇಲೆ ಊರಿ ಊರಿ ಬಲಮಂಡಿ ಸವೆದು ಹೋಗಿದೆ. ಈ ಸಲ ಆಪರೇಷನ್ ಮಾಡಿಸದಿದ್ದರೆ ಮುಂದೆ ಮೆಟ್ಟಿಲು ಹತ್ತುವುದನ್ನು ಮರೆತುಬಿಡಿ ಎಂದಿದ್ದಾರೆ ಡಾಕ್ಟರು. ಇವರ ಮನೆ ಇರುವುದು ಮೂರನೇ ಮಹಡಿಯಲ್ಲಿ. ರಜೆ ಕೇಳಲು ಹೋದಾಗಲೆಲ್ಲ ಅಧಿಕಾರಿಗಳು ಬೆನ್ನು ತಟ್ಟಿ ಕಳಿಸುತ್ತಾರೆ: "ನೀವಿಲ್ದೆ ಇಲ್ಲಿ ಏನೂ ನಡೆಯಲ್ಲ ಹವಾಲ್ದಾರ್. ಬದಲಿ ಸಿಗೋವರೆಗೂ ಸ್ವಲ್ಪ ತಡ್ಕೊಳ್ಳಿ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಬದಲಿ ಸಿಗುವುದಾದರೂ ಹೇಗೆ? ಪಡೆ ಸೇರುವ ಪ್ರತಿಯೊಬ್ಬನಿಗೂ ಪೀಠ ಹತ್ತಬೇಕು, ಟಿ.ವಿ.ಯಲ್ಲಿ ಬರಬೇಕು. ಕರ್ಚೀಫು ಯಾರಿಗೂ ಬೇಡ. ಬಲವಂತಕ್ಕೆ ಬಂದವರದು ಒಬ್ಬೊಬ್ಬರದು ಒಂದೊಂದು ಅವಾಂತರ. ಒಬ್ಬ ನೆಲ ಒರೆಸಿದ ಹಾಗೆ ಮುಖ ಒರೆಸಿ ಸೈನಿಕನನ್ನೇ ಪೀಠದಿಂದ ಹಿಂದಕ್ಕೆ ಬೀಳಿಸಿದ. ಇನ್ನೊಬ್ಬನಿಗೆ ಜನರನ್ನು ಗದರಲು ಸಂಕೋಚ, ಅವನ ಪಾಳಿಯಲ್ಲಿ ಪ್ರವಾಸಿಗಳು ಸೈನಿಕನ ಕೈಗೆ ಐಸ್‌ಕ್ರೀಮು ಕೊಟ್ಟು ಫೋಟೋ ತೆಗೆದರು. ಮತ್ತೊಬ್ಬ, ತಲೆ ಸುತ್ತಿ ಬೀಳುವಂತಿದ್ದವನ ಮುಂದೆ ನಿಂತು, ಅಕ್ಕರೆಯಿಂದ "ಏನಾಗ್ತಿದೆ ಹೇಳಪ್ಪಾ" ಅನ್ನುತ್ತಲೇ ಇದ್ದ. ಅವನು ಹೇಳಲಿಲ್ಲ, ಬಿದ್ದ.

ಇಷ್ಟಾದ ಮೇಲೆ ಬಂದವನು ಕಿಸಕ್ಕ. ಕಿಸಕ್ಕನೆ ನಗುವುದರಿಂದ ಜೊತೆಗಾರರು ಇಟ್ಟ ಹೆಸರು. ಹೂಗುಚ್ಛ ಇಡುವ ಸಮಾರಂಭದಲ್ಲಿ ದೊಡ್ಡ ಅಧಿಕಾರಿಯೊಬ್ಬರ ಟೋಪಿಯ ಮೇಲೆ ಪಾರಿವಾಳ ಬಂದು ಕೂತಿತು. ಸಾವಿರ ಜನ ಉಸಿರು ಬಿಗಿಹಿಡಿದರು. ಪೀಠದ ಮೇಲಿದ್ದ ಇವನು ನಕ್ಕುಬಿಟ್ಟ. ಮಾರನೇ ದಿನವೇ ಪೀಠದಿಂದ ಇಳಿಸಿ, ಶಿಕ್ಷೆ ಎಂದು ಕರ್ಚೀಫು ಕೆಲಸಕ್ಕೆ ಹಾಕಿದರು.

ಹವಾಲ್ದಾರರಿಗೆ ಇದು ಗಾಯದ ಮೇಲೆ ಬರೆ. "ನಾನು ಆಯಸ್ಸೆಲ್ಲಾ ಮಾಡಿದ ಕೆಲ್ಸ ಇವ್ರಿಗೆ ಶಿಕ್ಷೆಯಂತೆ! ಹಾಗಾದ್ರೆ ನಾನೇನು ತಪ್ಪು ಮಾಡಿದ್ದೆ ಅಂತ ಇಷ್ಟು ವರ್ಷ ಇಲ್ಲಿದೀನಿ?" ಎಂದು ಕೇಳುತ್ತಾರೆ. ಅಷ್ಟರಲ್ಲಿ ಕಿಸಕ್ಕ ಪಾರಿವಾಳಕ್ಕೆ ಸಲ್ಯೂಟ್ ಹೊಡೆಯುತ್ತಿದ್ದದ್ದು ಕಾಣಿಸಿತು. ಹವಾಲ್ದಾರರು ಹಣೆ ಹಣೆ ಚಚ್ಚಿಕೊಂಡರು. "ನೋಡಿದ್ರಾ? ನನ್ನ ಮಂಡಿ ಇವ್ನ ಕೈಲಿದೆ."

ನಾನು ಮೂರನೇ ಸಲ ಹೋದ ದಿನ ಎಡಪೀಠದಲ್ಲಿ ಒಬ್ಬ ಎತ್ತರದ ಸೈನಿಕ ನಿಂತಿದ್ದಾನೆ. ಮೋಡ ಮುಚ್ಚಿದೆ, ಸೆಕೆ ಇಲ್ಲ. ಆದರೂ ಅವನ ಕೆನ್ನೆ ಒದ್ದೆ. ಹವಾಲ್ದಾರರು ಒರೆಸುತ್ತಾರೆ, ಮತ್ತೆ ಒದ್ದೆ. ನೊಣಾನಾ? ಇಲ್ಲ. ಬೆಲ್ಟಾ? ಇಲ್ಲ. ಬೂಟು ಕಚ್ತಾ ಇದೆಯಾ? ಹೊಟ್ಟೆನೋವಾ? ತಲೆ ಸುತ್ತಾ? ಎಲ್ಲದಕ್ಕೂ ಎರಡೆರಡು ಸಲ ರೆಪ್ಪೆ ಬಡಿಯುತ್ತದೆ. ಇವರ ಪ್ರಶ್ನೆಗಳೆಲ್ಲ ಮುಗಿದು, ತಾಳ್ಮೆಯೂ ಮುಗಿದು, ಕೊನೆಗೆ ಕೇಳಬಾರದ್ದನ್ನು ತಾವೇ ಕೇಳಿಬಿಡುತ್ತಾರೆ: "ಇನ್ನೇನಪ್ಪಾ ಹಾಗಾದ್ರೆ?"

ರೆಪ್ಪೆ ಅಲ್ಲಾಡುವುದಿಲ್ಲ.

ಪಕ್ಕದಲ್ಲಿ ಕರ್ಚೀಫು ಹಿಡಿದು ನಿಂತ ಕಿಸಕ್ಕ ಮೆಲ್ಲಗೆ ಕೇಳುತ್ತಾನೆ: "ಮನೇದಾ?"

ಒಂದು ಸಲ ಬಡಿಯುತ್ತದೆ.

"ಅಪ್ಪನಾ?" ಎರಡು ಸಲ. "ಅಮ್ಮನಾ?" ಒಂದು ಸಲ. "ಆಸ್ಪತ್ರೇಲಿದಾರಾ?" ಒಂದು ಸಲ. "ಫೋನ್ ಮಾಡಿ ಕೇಳ್ಕೊಂಡು ಬರ್ಲಾ?" ಈಗ ರೆಪ್ಪೆ ಬಡಿಯುತ್ತದೆ, ತಡೆದು ಬಡಿಯುತ್ತದೆ, ಮತ್ತೆ ಬಡಿಯುತ್ತದೆ: ಹೌದು, ಹೌದು, ಹೌದು. ಕಿಸಕ್ಕ ಪಡೆಯ ವಸತಿಯ ಕಡೆ ಓಡುತ್ತಾನೆ. ಸೈನಿಕನ ತಾಯಿಗೆ ಆವತ್ತು ಬೆಳಗ್ಗೆ ಆಪರೇಷನ್ ಇತ್ತು, ಪಾಳಿ ತಪ್ಪಿಸಲು ಹೆದರಿ ಅವನು ಯಾರಿಗೂ ಹೇಳಿರಲಿಲ್ಲ. ಕಿಸಕ್ಕ ಜೊತೆಗಾರನೊಬ್ಬನಿಂದ ಸೈನಿಕನ ತಂಗಿಯ ನಂಬರು ಪಡೆದು, ಮಾತಾಡಿ, ಏದುಸಿರು ಬಿಡುತ್ತ ವಾಪಸು ಬಂದು ಅದೇ ಜಾಗದಲ್ಲಿ ನಿಲ್ಲುತ್ತಾನೆ.

"ಅಮ್ಮಂಗೆ ಎಚ್ಚರ ಆಯ್ತಂತೆ ಕಣೋ. ಎದ್ದವ್ರೇ ಮೊದ್ಲು ಕೇಳಿದ್ದು, ನಿಂದು ತಿಂಡಿ ಆಯ್ತಾ ಅಂತ."

ಹೇಳುವಾಗ ಅವನು ಎಂದಿನಂತೆ ಹಲ್ಲು ಬಿಡುತ್ತಾನೆ. ಪೀಠದ ಮೇಲಿನ ಮುಖ ಕಲ್ಲಿನ ಹಾಗೇ ಇದೆ, ಕಣ್ಣು ಮಾತ್ರ ಧಾರಾಕಾರ ಸುರಿಯುತ್ತಿದೆ. ಕಿಸಕ್ಕ ಒರೆಸುತ್ತಲೇ ಇದ್ದಾನೆ. ನನ್ನ ಹಿಂದಿದ್ದ ಪ್ರವಾಸಿಯೊಬ್ಬ "ಆ ಇಬ್ಬರೂ ಅಡ್ಡ ನಿಂತು ಫೋಟೋ ಹಾಳು ಮಾಡ್ತಿದಾರೆ" ಎಂದು ಗೊಣಗುತ್ತಾನೆ. ಆ ಮನುಷ್ಯನನ್ನು ನಾನೇ ಹಗ್ಗದಿಂದ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಕಳಿಸಿದೆ.

ಪಾಳಿ ಮುಗಿದ ಮೇಲೆ ಹವಾಲ್ದಾರರು ಮೆಟ್ಟಿಲ ಮೇಲೆ ಕುಕ್ಕರಿಸುತ್ತಾರೆ. "ನೊಣಾನಾ, ಬೆಲ್ಟಾ, ಇಷ್ಟೇ ನಾನು ಕೇಳಿದ್ದು. ಮನೇದಾ ಅಂತ ಒಂದು ದಿನಾನೂ ಕೇಳ್ಲಿಲ್ಲ ನೋಡಿ. ಈ ನಗೆಗೇಡಿ ಬಂದು ಕೇಳ್ಬೇಕಾಯ್ತು." ಅವರಿಗೆ ಸಂತೋಷವೋ ಸಿಟ್ಟೋ, ಗೊತ್ತಾಗುವುದಿಲ್ಲ. ಬಹುಶಃ ಎರಡೂ.

ಸಂಜೆಯೇ ಅಧಿಕಾರಿಗಳ ಬಾಗಿಲಿಗೆ ಹೋಗುತ್ತಾರೆ. ಬದಲಿ ಸಿಕ್ಕಿದ್ದಾನೆ ಎನ್ನುತ್ತಾರೆ. ಅಧಿಕಾರಿಗಳು ಸಂತೋಷದಿಂದ ರಜೆಗೆ ಒಪ್ಪುತ್ತಾರೆ. ಅಷ್ಟಕ್ಕೆ ಎದ್ದು ಬರುವುದು ಬಿಟ್ಟು, ಈ ಮಹಾನುಭಾವರು ಅಲ್ಲೇ ನಿಂತು ಹಟ ಹಿಡಿಯುತ್ತಾರೆ: ಅವನದು ಶಿಕ್ಷೆ ಅಂತ ಹಾಕಿದ್ದನ್ನು ಮೊದಲು ತೆಗೆಯಿರಿ, ಕೆಲಸ ಅಂತ ಹಾಕಿ, ಇಲ್ಲದಿದ್ದರೆ ನಾನು ಆಸ್ಪತ್ರೆಗೆ ಹೋಗುವುದಿಲ್ಲ.

"ಮಂಡಿ ಯಾರದು ಹೇಳಿ, ಆ ಅಧಿಕಾರಿಗಳದಾ?" ಎಂದು ಹೆಂಡತಿ ನನ್ನೆದುರೇ ತಲೆ ಚಚ್ಚಿಕೊಳ್ಳುತ್ತಾರೆ. "ಕೊಟ್ಟ ರಜೆ ಬೇಡ ಅಂತ ಬರೋರನ್ನ ಎಲ್ಲಾದ್ರೂ ನೋಡಿದೀರಾ? ಈ ಹಟಕ್ಕೆ ಸಿಕ್ಕಿದ ರಜೇನೂ ಕೈತಪ್ಪಿ ಹೋದ್ರೆ!"

ಹದಿನೈದು ದಿನ ಅಧಿಕಾರಿಗಳೂ ಜಗ್ಗಲಿಲ್ಲ, ಇವರೂ ಜಗ್ಗಲಿಲ್ಲ. ಇವರು ಮಂಡಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಲೇ ಇದ್ದರು, ಹೆಂಡತಿ ಬೈಯುತ್ತಲೇ ಇದ್ದರು. ಕೊನೆಗೆ ಅಧಿಕಾರಿಗಳೇ ಸೋತರು. ಶಿಕ್ಷೆ ರದ್ದಾಯಿತು. ಬೇಕಾದರೆ ಪೀಠಕ್ಕೆ ವಾಪಸು ಹೋಗು ಎಂದರೆ ಕಿಸಕ್ಕ ಅಡ್ಡಡ್ಡ ತಲೆಯಾಡಿಸಿದನಂತೆ: "ಬೇಡ ಸಾರ್. ಅಲ್ಲಿ ನಗಕ್ಕಾಗಲ್ಲ."

ಇಂದು ಬೆಳಗ್ಗೆ ಆಸ್ಪತ್ರೆ ಸೇರುವ ಮೊದಲು ಹವಾಲ್ದಾರರು ಹೆಂಡತಿಯ ಜೊತೆ ಚೌಕಕ್ಕೆ ಬಂದಿದ್ದಾರೆ. ಕೈಯಲ್ಲಿ ಊರುಗೋಲು, ಮೈಮೇಲೆ ಸಾದಾ ಅಂಗಿ. ಐದು ನಿಮಿಷ ನೋಡಿ ಹೋಗುವುದು ಎಂಬ ಒಪ್ಪಂದ. ಎಡಪೀಠದಲ್ಲಿ ಅದೇ ಎತ್ತರದ ಸೈನಿಕ. ಅವನ ಭುಜದ ಪಟ್ಟಿ ಕೂದಲೆಳೆಯಷ್ಟು ವಾಲಿದೆ. ಹವಾಲ್ದಾರರ ಕಣ್ಣಿಗೆ ಅದು ಬಿದ್ದದ್ದೇ ತಡ, ಊರುಗೋಲು ಹೆಂಡತಿಯ ಕೈಗೆ ಕೊಟ್ಟು ಹಗ್ಗ ದಾಟಿಯೇಬಿಟ್ಟರು.

"ಏ, ಏ, ಏ! ಹಗ್ಗದ ಆಚೆ! ಆಚೆ ಅಂದ್ರೆ ಆಚೆ ಯಜಮಾನ್ರೇ, ಈಚೆ ಅಲ್ಲ!"

ಕಿಸಕ್ಕ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಹವಾಲ್ದಾರರು ನಿಂತಲ್ಲೇ ನಿಂತು, ಒಂದು ಕ್ಷಣ ನೋಡಿ, ತೆಪ್ಪಗೆ ಹಗ್ಗದ ಈಚೆ ಬರುತ್ತಾರೆ. ಕಿಸಕ್ಕ ಹೋಗಿ ಭುಜದ ಪಟ್ಟಿ ಸರಿಮಾಡಿ, ಸೈನಿಕನಿಗೆ ಏನೋ ಕೇಳಿ, ಇತ್ತ ತಿರುಗಿ ಕೂಗುತ್ತಾನೆ: "ಹುಷಾರಾಗಿ ಬನ್ನಿ ಅಂತ ಹೇಳ್ಲಾ ಅಂದೆ. ಹೌದಂತೆ!"

"ಪಾಳಿ ಹೊತ್ತಲ್ಲಿ ಇವೆಲ್ಲ ಬೇಕಿತ್ತಾ ಕತ್ತೆಗೆ" ಎಂದು ಹವಾಲ್ದಾರರು ಗೊಣಗುತ್ತಾರೆ. ಜೇಬಿಗೆ ಕೈಹಾಕಿ ತಡಕುತ್ತಾರೆ. ಅಲ್ಲಿ ಕರ್ಚೀಫಿಲ್ಲ, ನಿನ್ನೆಯೇ ಎಲ್ಲ ಕಿಸಕ್ಕನಿಗೆ ಒಪ್ಪಿಸಿಯಾಗಿದೆ.

"ಈಗಾದ್ರೂ ಹೋಗೋಣ್ವಾ ಆಸ್ಪತ್ರೆಗೆ?" ಹೆಂಡತಿ ಕೇಳುತ್ತಾರೆ.

ಪೀಠದ ಕಡೆಯೇ ನೋಡುತ್ತ ಹವಾಲ್ದಾರರು ಒಂದು ಸಲ ರೆಪ್ಪೆ ಬಡಿಯುತ್ತಾರೆ.

"ಬಾಯಿ ಬಿಟ್ರೆ ಮುತ್ತು ಉದುರುತ್ತಾ?" ಎಂದು ಬೈಯುತ್ತಲೇ ಆಕೆ, ಅಷ್ಟೆಲ್ಲ ದೇಶದ ಫೋಟೋಗಳಲ್ಲಿರುವ ಆ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.