ಚಿಕ್ಕಪ್ಪನ ಕುರಿಗಳು

ನಮ್ಮಜ್ಜಿಯ ಬಾಯಿ ಅಂದ್ರೆ ಇಡೀ ಹಟ್ಟಿಗೆ ಹೆದರಿಕೆ. ಯಲ್ಲದಕೆರೆ ಸೀಮೆಯ ನಮ್ಮ ಕುರುಬರ ಹಟ್ಟಿಯಲ್ಲಿ ಕೋಳಿಗಿಂತ ಮುಂಚೆ ಅವಳೇ ಕೂಗ್ತಿದ್ದಳು. ಅಂಥಾ ಬಾಯಿ ಒಂದು ಕಾಲಕ್ಕೆ ಮುಚ್ಚಿಹೋಗಿತ್ತು. ಅವಳ ಕಿರೀ ಮಗ, ಅಂದ್ರೆ ನನ್ನ ಚಿಕ್ಕಪ್ಪ, ಮಹಾರಾಜರ ಕುದುರೆ ದಂಡಿನ ಜೊತೆ ಕುದುರೆ ನೋಡಿಕೊಳ್ಳೋ ಆಳಾಗಿ ಸಮುದ್ರದಾಚೆ ಯುದ್ಧಕ್ಕೆ ಹೋದವನು ಅಲ್ಲೇ ತೀರಿಕೊಂಡ. ಮದುವೆಯೂ ಆಗಿರಲಿಲ್ಲ. ಸುದ್ದಿ ಬಂತು, ಹೆಣ ಬರಲಿಲ್ಲ. ಮಣ್ಣು ಮಾಡೋಕೂ ಏನೂ ಇಲ್ಲದ ಸಾವು ಎಂಥಾ ಸಾವು, ನೀವೇ ಹೇಳ್ರಿ.

ಆಮೇಲೆ ಬಂದದ್ದು ದುಡ್ಡು. ಶಾನುಭೋಗರು ನಮ್ಮ ಗುಡಿಸಲ ಮುಂದೆ ನಿಂತು, "ನೋಡಮ್ಮ, ಸರ್ಕಾರದೋರು ತಿಂಗಳು ತಿಂಗಳು ನಿನಗೆ ದುಡ್ಡು ಕೊಡ್ತಾರಂತೆ. ಹಿರಿಯೂರು ಕಚೇರಿಗೆ ನೀನೇ ಹೋಗಿ ತಗಾಬೇಕು. ಬ್ಯಾರೆ ಯಾರ ಕೈಗೂ ಕೊಡಲ್ಲ" ಅಂದರು. ಅಜ್ಜಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಮ್ಮವ್ವ ಮಾತ್ರ ಒಳಗೆ ಹೋಗಿ ಅನ್ನದ ಮಡಕೆಯನ್ನು ಹುಡುಕಿ ತೊಳೆದಿಟ್ಟಳು. ಅನ್ನ ಮಾಡಿ ಎಷ್ಟು ಕಾಲವಾಗಿತ್ತೋ, ಅದರೊಳಗೆ ಜೇಡ ಮನೆ ಮಾಡಿತ್ತು.

ನಮ್ಮದು ಆಗ ಅಂಥಾ ಬಾಳೇವು. ಕುರುಬರಾಗಿ ಹುಟ್ಟಿ ನಮಗೆ ಸ್ವಂತದ್ದು ಅಂತ ಒಂದು ಕುರಿಮರಿಯೂ ಇರಲಿಲ್ಲ. ಅಪ್ಪ ಬೇರೆಯವರ ಮಂದೆ ಕಾಯ್ತಿದ್ದ. ಭೀಮಸಮುದ್ರದ ಕಡೆಯ ಅಡಿಕೆ ತೋಟದವರು ಗೊಬ್ಬರಕ್ಕೆ ಅಂತ ರಾತ್ರಿ ತೋಟದಲ್ಲೇ ಕುರಿ ತರುಬಿಸಿಕೊಳ್ತಿದ್ದರು. ಮಂದೆ ಎಲ್ಲಿ ಮಲಗುತ್ತೋ ಅಪ್ಪನೂ ಅಲ್ಲೇ ಮಲಗಬೇಕು. ಯಾವಾಗಲೋ ಒಮ್ಮೆ ಮನೆಗೆ ಬಂದ್ರೆ ನಾನು ಹೆದರಿ ಅವ್ವನ ಸೆರಗಿನ ಹಿಂದೆ ಹೋಗ್ತಿದ್ದೆ. "ಏನವ್ವ, ನಿಮ್ಮಪ್ಪ ಕಣೇ ನಾನು" ಅಂತ ಅವನೇ ಗುರುತು ಹೇಳಿಕೊಳ್ಳಬೇಕಾಗಿತ್ತು. ಅವ್ವ ಊರವರ ಉಣ್ಣೆ ನೂತು ಕೊಟ್ಟು ರಾಗಿ ತರ್ತಿದ್ದಳು.

ಮೊದಲ ಸಲ ಅಜ್ಜಿ ಹಿರಿಯೂರಿಂದ ವಾಪಸು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸೆರಗಿನ ಗಂಟು ಬಿಚ್ಚಿದಳು. ಆ ಬೆಳ್ಳಿ ರೂಪಾಯಿಗಳನ್ನು ಚಿಕ್ಕಪ್ಪ ಹೊದ್ದು ಮಲಗ್ತಿದ್ದ ಕಂಬಳಿಯೊಳಗೆ ಸುತ್ತಿಟ್ಟಳು. ಅವ್ವ ಮೆಲ್ಲಗೆ, "ಅತ್ತೆ, ಒಂದ್ ಪಾವು ಅಕ್ಕಿ ತರಿಸಾಣ. ಕೂಸು ಬಾಯಿಗೆ ರುಚಿ ಕಂಡಿಲ್ಲ" ಅಂದಳು. ಅಷ್ಟು ದಿನ ಮುಚ್ಚಿದ್ದ ಬಾಯಿ ಆಗ ತೆರೀತು ನೋಡ್ರಿ!

"ಥೂ! ಇದು ನನ್ನ ಮಗನ ಮೈ ಕಣೇ. ಬೇಯಿಸಿ ತಿಂತೀಯಾ?"

ಅವ್ವ ತೊಳೆದ ಮಡಕೆಯನ್ನು ಬೋರಲು ಹಾಕಿ ಅಂಬಲಿಗೆ ಎಸರಿಟ್ಟಳು.

ಆ ವಾರದ ಸಂತೆಗೆ ಹೋದ ಅಜ್ಜಿ ಒಂದು ಹೆಣ್ಣು ಕುರಿ ಹಿಡಿದುಕೊಂಡು ಬಂದಳು. "ಸತ್ತು ಬಂದ ದುಡ್ಡು, ಬದುಕಿ ಓಡಾಡಿಕೊಂಡಿರಲಿ" ಅಂದಳು. ಆಮೇಲೂ ಹಂಗೇ, ದುಡ್ಡು ಕೂಡಿದಾಗಲೆಲ್ಲ ಮತ್ತೊಂದು ಕುರಿ. ಅವ್ವನಿಗೂ ಅಜ್ಜಿಗೂ ದಿನಾ ಜಗಳ. "ಮಗೀನ ಹೊಟ್ಟೆಗೆ ಇಲ್ಲ, ನೀನು ರೊಪ್ಪ ತುಂಬ್ತೀಯ" ಅಂತ ಅವ್ವ ಕುರಿರೊಪ್ಪದ ಕಡೆ ಕೈ ಮಾಡಿದರೆ, "ಅಂಬಲಿ ಕುಡಿದು ಯಾರೂ ಸತ್ತಿಲ್ಲ. ನಾನು ಅದರಾಗೇ ಬೆಳೆದೋಳು, ಹೆಂಗಿದೀನಿ ನೋಡು" ಅಂತ ಅಜ್ಜಿ ಎದೆ ತಟ್ಟಿಕೊಳ್ತಿದ್ದಳು. ಹೆಂಗಿದ್ದಳು? ಒಣಗಿದ ಜಾಲಿ ಕಡ್ಡಿ ಹಂಗೆ ಇದ್ದಳು, ಪಾಪ.

ತಿಂಗಳು ತಿಂಗಳೂ ಹಿರಿಯೂರಿಗೆ ಜೊತೆಗೆ ಹೋಗೋಳು ನಾನೇ. ಹಿಂದಿನ ದಿನವೇ ರೊಟ್ಟಿ ಕಟ್ಟಿಕೊಂಡು ಹೊರಟು, ದಾರೀಲಿ ಯಾರದ್ದಾದರೂ ಜಗಲಿ ಮೇಲೆ ಮಲಗಿ, ಬೆಳಿಗ್ಗೆ ಕಚೇರಿಯ ಹುಣಸೇಮರದ ಕೆಳಗೆ ಕೂತುಕೊಳ್ತಿದ್ದೆವು. ಜವಾನ ಹೊರಗೆ ಬಂದು ಚಿಕ್ಕಪ್ಪನ ಹೆಸರು ಹಿಡಿದು, "ಇಂಥೋನ ತಾಯಿ ಯಾರಮ್ಮಾ?" ಅಂತ ಕೂಗ್ತಿದ್ದ. ಆ ಹೆಸರು ನಾನಿಲ್ಲಿ ಬರೆಯಲ್ಲ. ನಮ್ಮ ಮನೇಲಿ ಯಾರೂ ಅದನ್ನು ಎತ್ತುತ್ತಿರಲಿಲ್ಲ. ಎತ್ತಿದರೆ ಅಜ್ಜಿ ಉಣ್ಣೋದನ್ನ ಬಿಟ್ಟು ಎದ್ದುಹೋಗ್ತಿದ್ದಳು. ಅದಕ್ಕೇ ಹಟ್ಟಿಯವರೂ ಬಿಟ್ಟಿದ್ದರು.

ಕಚೇರಿಯಲ್ಲಿ ಮಾತ್ರ ಅಜ್ಜಿಗೆ ಒಂದು ವಿಚಿತ್ರ ಅಭ್ಯಾಸ. ಜವಾನ ಒಂದು ಸಲ ಕೂಗಿದರೆ ಏಳ್ತಿರಲಿಲ್ಲ. ನಾನು "ಅಜ್ಜಿ, ಏಳೇ, ಕೂಗಿದ್ರು" ಅಂತ ಕೈ ಎಳೆದರೂ ಅಲುಗಾಡ್ತಿರಲಿಲ್ಲ. ಜವಾನ ಸಿಟ್ಟು ಬಂದು ಇನ್ನೂ ಜೋರಾಗಿ ಕೂಗಿದ ಮೇಲೇ ತಲೆ ಮೇಲೆ ಸೆರಗೆಳೆದುಕೊಂಡು ಎದ್ದು, "ನಾನು ಸ್ವಾಮೀ, ಅವನ ತಾಯಿ!" ಅಂತ ಮರದ ಕಾಗೆಗಳು ಏಳೋ ಹಂಗೆ ಒದರೋಳು. "ನಮಗೆ ಕಿವಿ ಕೇಳುತ್ತಮ್ಮ, ನಿನಗೇ ಕೇಳಲ್ಲ" ಅಂತ ಒಳಗಿನ ಗುಮಾಸ್ತರು ನಗೋರು. ವಯಸ್ಸಾಯ್ತು, ಕಿವಿ ಮಂದ ಆಗೈತೆ ಅಂತ ನಾನೂ ಅಂದುಕೊಂಡಿದ್ದೆ.

ಕುರಿ ಮರಿ ಹಾಕಿದವು, ಮರಿಗಳು ಬೆಳೆದು ಅವೂ ಹಾಕಿದವು. ಒಂದು ದಿನ ಅಜ್ಜಿ ಅಪ್ಪನನ್ನ ಕೂರಿಸಿ, "ಲೇ, ಊರೋರ ಮಂದೆ ಕಾದಿದ್ದು ಸಾಕು. ನಿನ್ನ ತಮ್ಮನ ಮಂದೆ ಕಾಯಿ" ಅಂದಳು. ಅವತ್ತಿಂದ ಅಪ್ಪ ಸಂಜೆ ಆದ್ರೆ ಮನೆಗೆ ಬರೋ ಮನುಷ್ಯ ಆದ. ಅಯ್ಯೋ, ಆ ಸುಖ ಏನಂತ ಹೇಳಲಿ! ಅವನ ಕಂಬಳಿಯ ಕುರಿ ವಾಸನೆ ಮೂಗಿಗೆ ಬಂದ್ರೇನೇ ನನಗೆ ನಿದ್ದೆ. ಉಣ್ಣೆ ಮನೆಯದ್ದೇ ಆಯ್ತು, ಅವ್ವ ಮಗ್ಗ ಹೂಡಿ ಕಂಬಳಿ ನೇಯೋಕೆ ಶುರು ಮಾಡಿದಳು. ಕಂಬಳಿ ಮಾರಿ ಬಂದದ್ದರಲ್ಲಿ ಅಕ್ಕಿ ತಂದೆವು, ಆ ಮಡಕೆ ಕೊನೆಗೂ ಒಲೆ ಏರಿತು. ಆ ಅನ್ನ ಅಜ್ಜಿಯೂ ಉಂಡಳು. ಮಗನ ದುಡ್ಡಲ್ಲಿ ಮಾತ್ರ ಒಂದು ಹರಳು ಉಪ್ಪನ್ನೂ ತರಲಿಲ್ಲ.

ಊರಿನವರ ಮಾತೂ ಬದಲಾಯ್ತು. "ಲೇ ಮುದುಕಿ, ಅತ್ಲಾಗೆ ನಿಂತ್ಕ" ಅಂತಿದ್ದ ಅಂಗಡಿಯವನು, "ಬರ್ರಿ ಅಜ್ಜಿ, ಕುಂತ್ಕಳ್ರಿ" ಅಂತ ಗೋಣಿತಟ್ಟು ಹಾಸಿದ. ಅಜ್ಜಿ ಕೂತಳು, ಎದ್ದು ಬರುವಾಗ ನನ್ನ ಕಿವಿಯಲ್ಲಿ, "ನನಗಲ್ಲ ಕಣೇ, ನನ್ನ ಸೆರಗಿನ ಗಂಟಿಗೆ ಕುಂತ್ಕಳ್ರಿ ಅಂದ" ಅಂತ ಕಿಸಕ್ಕನೆ ನಕ್ಕಳು. ಅಷ್ಟು ದಿನಕ್ಕೆ ಅವಳು ನಕ್ಕಿದ್ದು ಅವತ್ತೇ.

ಹಿಂಗಿರುವಾಗ ಹಿರಿಯೂರು ಕಚೇರಿಯ ಅಮಲ್ದಾರರು ಹಟ್ಟಿಗೆ ಬರ್ತಾರೆ, ಅಜ್ಜಿಯನ್ನೇ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ನಮ್ಮ ಹಟ್ಟಿಯಲ್ಲಿ ಒಬ್ಬ ದೊಡ್ಡ ಬುದ್ಧಿವಂತ ಇದ್ದ. "ಆ ದುಡ್ಡು ಏನೂ ಇಲ್ಲದೋರಿಗೆ ಕೊಡೋದು. ಇಷ್ಟು ಕುರಿ ಕಂಡ್ರೆ ನಾಳೆಯಿಂದಲೇ ನಿಲ್ಲಿಸ್ತಾರೆ" ಅಂದ. ಮುಗೀತು! ಅಜ್ಜಿ ಮುಖ ಸುಟ್ಟ ಬದನೇಕಾಯಿ ಆಯ್ತು. ಅಪ್ಪ ಧೈರ್ಯ ಹೇಳಿದ: "ನಿಂತ್ರೆ ನಿಲ್ಲಲಿ ಬಿಡವ್ವ, ಕುರಿ ಅವೆಯಲ್ಲ, ಹೊಟ್ಟೆಗೇನೂ ಕಮ್ಮಿ ಇಲ್ಲ." ಅಜ್ಜಿ ಕೇಳಲಿಲ್ಲ. ಅನ್ನ ನೀರು ಬಿಟ್ಟು ಕೂತಳು. ಕೊನೆಗೆ ಹಟ್ಟಿಯವರೆಲ್ಲ ಸೇರಿ ಒಂದು ಉಪಾಯ ಮಾಡಿದರು. ನಮ್ಮ ಕುರಿಗಳನ್ನ ಒಂದೊಂದು ಮನೆಯವರು ಒಂದಿಷ್ಟು ಹೊಡೆದುಕೊಂಡು ಹೋಗಿ ತಮ್ಮ ರೊಪ್ಪದಲ್ಲಿ ಕೂಡಿ, ಬಾಗಿಲಿಗೆ ಮುಳ್ಳು ಎಳೆದರು. "ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಮಾತ್ರ ಬಿಡಬ್ಯಾಡ" ಅಂತ ಅಪ್ಪ ಕೈ ಮುಗಿದ.

ಅಮಲ್ದಾರರು ತಟ್ಟುಕುದುರೆ ಏರಿ ಬಂದಾಗ ಹೊತ್ತು ಇಳೀತಿತ್ತು. ವಯಸ್ಸಾದ ಮನುಷ್ಯ, ದೊಡ್ಡ ರುಮಾಲು, ಮೆತ್ತಗಿನ ಮಾತು. ಕಂಬಳಿ ಹಾಸಿ ಕೂರಿಸಿದೆವು. "ಏನಮ್ಮ, ಚೆನ್ನಾಗಿದ್ದೀಯಾ?" ಅಂತ ಕೇಳಿದರು. ಅಜ್ಜಿ ತುಟಿ ಬಿಗಿದುಕೊಂಡು ತಲೆಯಾಡಿಸಿದಳು. "ಊಟಕ್ಕೆ ತೊಂದರೆ ಇಲ್ಲವಾ?" ಅದಕ್ಕೂ ತಲೆ. ಹಟ್ಟಿಗೆ ಹಟ್ಟಿಯೇ ಉಸಿರು ಹಿಡಿದು ನೋಡ್ತಿತ್ತು.

ಅಷ್ಟರಲ್ಲಿ ಪಕ್ಕದ ರೊಪ್ಪದಿಂದ ಒಂದು ಕುರಿ "ಬ್ಯಾ" ಅಂತು. ಅಜ್ಜಿ ಮೊದಲು ತಂದ ಕುರಿ ಅದು. ಸಂಜೆ ಹೊತ್ತು, ಮನೆ ಸೇರೋ ಹೊತ್ತು, ಪರರ ರೊಪ್ಪ. ಇನ್ನೊಂದು ಸಲ "ಬ್ಯಾ" ಅಂತು. ಕುರಿ ಕರೆದಾಗ ಓಗೊಡದೇ ಇರೋದು ಕುರುಬರ ಹೆಂಗಸಿನ ಕೈಲಿ ಆಗೋ ಕೆಲಸವೇ? "ಹ್ರೂ... ಹ್ರೂ... ಬಂದೆ ಕಣೇ ನನ್ನವ್ವಾ!" ಅಂದೇಬಿಟ್ಟಳು.

ಮುಳ್ಳು ಗಿಳ್ಳು ಎಲ್ಲ ಕಿತ್ತುಕೊಂಡು, ಆ ಮನೆಯಿಂದ ಈ ಮನೆಯಿಂದ, ಮಂದೆಗೆ ಮಂದೆಯೇ ನುಗ್ಗಿ ಬಂದು ಅಜ್ಜಿಯನ್ನ ಸುತ್ತಿಕೊಂಡಿತು. ಅಮಲ್ದಾರರು ಕೂತಲ್ಲೇ ಕಂಬಳಿ ಮೇಲೆ ಕಾಲು ಮುದುರಿಕೊಂಡರು. ಒಂದು ಮರಿ ಅವರ ರುಮಾಲಿನ ಸೆರಗು ಜಗಿಯೋಕೆ ಶುರು ಮಾಡಿತು.

"ಯಾರ ಕುರಿಗಳಮ್ಮ ಇವು?"

ಅಜ್ಜಿಯೇ ಹೇಳಿದಳು. "ನನ್ನ ಮಗನವು ಸ್ವಾಮಿ. ನೀವು ಕೊಟ್ಟಿದ್ದರಾಗೆ ಒಂದು ಕಾಸೂ ತಿಂದಿಲ್ಲ. ಹೆಂಗೆ ತಿನ್ನಲಿ? ಕುರಿ ಬೇಕಾದ್ರೆ ಎಲ್ಲಾನೂ ಹೊಡ್ಕಂಡು ಹೋಗ್ರಿ. ದುಡ್ಡು ಮಾತ್ರ ನಿಲ್ಲಿಸಬ್ಯಾಡ್ರಿ." ಹೇಳ್ತಾ ಹೇಳ್ತಾ ಅತ್ತಳು. ಚಿಕ್ಕಪ್ಪನ ಸುದ್ದಿ ಬಂದಾಗಲೂ ಅವಳು ಹಂಗೆ ಅತ್ತಿರಲಿಲ್ಲ. ಇಷ್ಟು ಕುರಿ ಕೊಟ್ಟು ಅಷ್ಟು ಚೂರು ದುಡ್ಡು ಉಳಿಸಿಕೊಳ್ತಾಳಂತೆ, ಮುದುಕಿಗೆ ಅರಳು ಮರಳು ಅಂತ ಹಿಂದೆ ಯಾರೋ ಅಂದರು.

ಅಮಲ್ದಾರರು ರುಮಾಲು ಬಿಡಿಸಿಕೊಂಡು, "ಯಾರಮ್ಮ ನಿಲ್ಲಿಸ್ತಾರೆ? ಅದು ನಿನ್ನ ಮಗನ ಸೇವೆಗೆ ಬರೋ ದುಡ್ಡು. ಕುರಿ ಇದ್ದರೂ ಬರುತ್ತೆ, ಇಲ್ಲದಿದ್ದರೂ ಬರುತ್ತೆ. ನೀನು ಬದುಕಿದ್ದೀಯೋ ಇಲ್ಲವೋ ನೋಡಿ ಹೋಗೋಣ ಅಂತ ಬಂದೆ, ಅಷ್ಟೇ" ಅಂದರು. ಹಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪ ಆ ಬುದ್ಧಿವಂತನನ್ನ ಹುಡುಕಿದ. ಅವನು ಆಗಲೇ ಕಾಣೆ.

ಹಾಲು ಕುಡಿದು ಏಳುವಾಗ ಅಮಲ್ದಾರರು ಇನ್ನೊಂದು ಮಾತು ಹೇಳಿದರು. "ಈ ವಯಸ್ಸಿನಲ್ಲಿ ಅಷ್ಟು ದೂರ ನಡೀಬೇಡಮ್ಮ. ಇನ್ನು ಮೇಲೆ ಮನಿಯಾರ್ಡರು ಮಾಡಿಸ್ತೀನಿ. ಅಂಚೆಯವನೇ ಮನೆ ಬಾಗಿಲಿಗೆ ಬಂದು ಕೈಗೆ ಕೊಡ್ತಾನೆ." ಅವ್ವ ನಿಂತಲ್ಲೇ ಕೈ ಮುಗಿದಳು.

"ಬ್ಯಾಡ್ರಿ ಸ್ವಾಮಿ" ಅಂದಳು ಅಜ್ಜಿ.

"ಏನವ್ವ ನಿನ್ನ ಹಟ!" ಅಂತ ಅಪ್ಪ ಗದರಿದ. "ಕಾಲು ಸವೆದು ಹೋಗ್ಯಾವೆ, ಬಾಗಿಲಿಗೇ ಬರೋದನ್ನ ಬ್ಯಾಡ ಅಂತೀಯಲ್ಲ!"

ಅಜ್ಜಿ ಅಪ್ಪನ ಕಡೆ ನೋಡಲಿಲ್ಲ. ಆ ಮೊದಲ ಕುರಿಯ ಕಿವಿ ಸವರುತ್ತಾ ಅಮಲ್ದಾರರಿಗೇ ಹೇಳಿದಳು. "ಕಚೇರಿಯಾಗೆ ನನ್ನ ಮಗನ ಹೆಸರು ಹಿಡಿದು ಕೂಗ್ತಾರೆ ಸ್ವಾಮಿ. ಬ್ಯಾರೆ ಎಲ್ಲೂ ಯಾರೂ ಕೂಗಲ್ಲ."

ಅಮಲ್ದಾರರು "ಆಗಲಮ್ಮ, ನೀನೇ ಬಾ" ಅಂತ ಹೇಳಿ ತಟ್ಟು ಏರಿದರು.

ಮುಂದಿನ ತಿಂಗಳು ಅಜ್ಜಿಯೂ ನಾನೂ ಮತ್ತೆ ಹುಣಸೇಮರದ ಕೆಳಗೆ ಕೂತಿದ್ದೆವು. ಜವಾನ ಹೊರಗೆ ಬಂದು ಚಿಕ್ಕಪ್ಪನ ಹೆಸರು ಕೂಗಿದ. ಅಜ್ಜಿ ಏಳಲಿಲ್ಲ. ನಾನು ಅವಳ ಕೈ ಎಳೆಯಲಿಲ್ಲ. ಇನ್ನೊಂದು ಸಲ ಕೂಗಲಿ ಅಂತ ನಾನೂ ಸುಮ್ಮನೆ ಕೂತೆ.